ತಿರುವೈಯಾರಿನ ಕಾವೇರಿ ದಂಡೆಗೆ ಹಾಡು ಕೇಳಲು ಹೋಗುವವರಿಗೆ

ತಮಿಳುನಾಡಿನ ತಿರುವೈಯಾರಿನಲ್ಲಿ, ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರ ತಿಥಿಗೆ ಪ್ರತಿ ವರ್ಷ ನಡೆಯುವ ಸಂಗೀತ ಉತ್ಸವವೇ ತ್ಯಾಗರಾಜ ಆರಾಧನೆ. ಅದಕ್ಕೆ ಟಿಕೆಟ್ ಇಲ್ಲ. ಹಾಡುವವರಿಗೆ ಸಂಭಾವನೆಯೂ ಇಲ್ಲ. ಕಾವೇರಿಯ ದಂಡೆಯಲ್ಲಿ ಚಪ್ಪರ ಹಾಕುತ್ತಾರೆ, ಜನ ನೆಲದ ಮೇಲೆ ಕೂರುತ್ತಾರೆ, ಬೆಳಗಿನಿಂದ ರಾತ್ರಿಯವರೆಗೆ ಸಂಗೀತ ನಡೆಯುತ್ತದೆ. ಕರ್ನಾಟಕ ಸಂಗೀತ ಕೇಳುವ ಮನೆಗಳಲ್ಲಿ ‘ಒಮ್ಮೆಯಾದರೂ ಅಲ್ಲಿಗೆ ಹೋಗಬೇಕು’ ಅನ್ನುವ ಮಾತು ಪ್ರತಿ ವರ್ಷ ಬರುತ್ತದೆ. ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು, ಹೋದ ಮೇಲೆ ಏನು ಮಾಡಬೇಕು ಎಂದು ತಿಳಿಯದೆ ಆ ಮಾತು ಮುಂದಿನ ವರ್ಷಕ್ಕೆ ಹೋಗಿಬಿಡುತ್ತದೆ. ಈ ಲೇಖನ ಅಂಥವರಿಗಾಗಿ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಆ ದಂಡೆ ಇವತ್ತು ಹಾಡಿನ ಜಾಗವಾಗಿ ಉಳಿದಿದ್ದರೆ ಅದಕ್ಕೆ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ದೊಡ್ಡ ಕಾರಣ. ಅವರ ಸಮಾಧಿಯೂ ಅಲ್ಲೇ ಇದೆ. ಕನ್ನಡಿಗರು ಅಲ್ಲಿಗೆ ಹೋಗಿ ಅದನ್ನು ನೋಡದೆ ವಾಪಸ್ ಬರಬಾರದು ಅನ್ನುವುದು ನನ್ನ ಆಸೆ. ಅದಕ್ಕೇ ರೈಲು, ಬಸ್ಸಿನ ವಿಷಯಕ್ಕೆ ಮೊದಲು ಆ ಕಥೆ.

ಮೊದಲು, ಆ ಜಾಗದ ಕಥೆ ತಿಳಿದುಕೊಳ್ಳಿ

ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ತಿರುವಾರೂರಿನಲ್ಲಿ. ಬದುಕಿನ ಹೆಚ್ಚಿನ ಭಾಗ ಕಳೆದದ್ದು ತಂಜಾವೂರಿನ ಪಕ್ಕದ ತಿರುವೈಯಾರಿನಲ್ಲಿ. ಬೀದಿಯಲ್ಲಿ ಹಾಡುತ್ತಾ ಉಂಛವೃತ್ತಿ ಮಾಡಿ, ಬಂದ ಅಕ್ಕಿಯಲ್ಲಿ ಶಿಷ್ಯರ ಜೊತೆ ಉಂಡು ಬದುಕಿದವರು. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡರು. 1847ರ ಜನವರಿ 6ರಂದು ತೀರಿಕೊಂಡರು. ಕಾವೇರಿಯ ದಂಡೆಯಲ್ಲೇ ಸಮಾಧಿ ಮಾಡಿ ಚಿಕ್ಕದೊಂದು ಬೃಂದಾವನ ಕಟ್ಟಿದರು.

ಆಮೇಲೆ ಸುಮಾರು ಅರ್ಧ ಶತಮಾನ ಆ ಜಾಗವನ್ನು ಕೇಳುವವರು ಕಡಿಮೆ. ಶಿಷ್ಯರು ಊರೂರಿಗೆ ಚದುರಿದ್ದರು. ಗುರುಗಳ ತಿಥಿಯನ್ನು ತಂತಮ್ಮ ಮನೆಗಳಲ್ಲೇ ಮಾಡುತ್ತಿದ್ದರು. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ನೇರ ಶಿಷ್ಯರಾದ ಉಮಯಾಳಪುರಂ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಬಂದು ನೋಡಿದಾಗ ಸಮಾಧಿ ಪಾಳುಬಿದ್ದಿತ್ತು. ಅವರು ಅದನ್ನು ದುರಸ್ತಿ ಮಾಡಿಸಿದರು. 1908ರ ಹೊತ್ತಿಗೆ ತಿಲ್ಲೈಸ್ಥಾನಂ ನರಸಿಂಹ ಭಾಗವತರು ಮತ್ತು ಅವರ ತಮ್ಮ ಪಂಜು ಭಾಗವತರು ಸಂಗೀತಗಾರರನ್ನು ಸೇರಿಸಿ ಅಲ್ಲೇ ಆರಾಧನೆ ಶುರು ಮಾಡಿದರು. ಮನೆಯೊಳಗಿನ ತಿಥಿ ನದಿಯ ದಂಡೆಯ ಉತ್ಸವವಾದದ್ದು ಹೀಗೆ.

ಉತ್ಸವ ಬೆಳೆಯಿತು, ಜೊತೆಗೇ ಜಗಳವೂ ಬೆಳೆಯಿತು. ಸಂಗೀತಗಾರರು ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಎರಡಾಗಿ ಬೇರೆಬೇರೆ ಆರಾಧನೆ ಮಾಡತೊಡಗಿದರು. ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷದವರು ಒಂದೇ. ಹೆಂಗಸರು ಅಲ್ಲಿ ಹಾಡುವಂತಿರಲಿಲ್ಲ.

ಬೆಂಗಳೂರು ನಾಗರತ್ನಮ್ಮ ಬರುವುದು ಇಲ್ಲಿ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಮನೆತನದವರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪ ಎಂಬ ಗುರುಗಳ ಹತ್ತಿರ ಕಲಿತರು. ಮುಂದೆ ಮದ್ರಾಸಿಗೆ ಹೋಗಿ ಹಾಡುಗಾರಿಕೆಯಲ್ಲೂ ಹರಿಕಥೆಯಲ್ಲೂ ದೊಡ್ಡ ಹೆಸರು ಮಾಡಿದರು. 1921ರಲ್ಲಿ ಮೈಸೂರಿನ ಹೆಸರಾಂತ ಗಾಯಕ ಬಿಡಾರಂ ಕೃಷ್ಣಪ್ಪನವರು ಅವರಿಗೊಂದು ಕಾಗದ ಬರೆದರು. ತ್ಯಾಗರಾಜರ ಸಮಾಧಿ ಯಾವ ಸ್ಥಿತಿಯಲ್ಲಿದೆ ಎಂದು ಅದರಲ್ಲಿ ಹೇಳಿದ್ದರು. ಅದೇ ವರ್ಷ ನಾಗರತ್ನಮ್ಮ ಅಲ್ಲಿ ಗುಡಿಗೆ ಅಡಿಗಲ್ಲು ಹಾಕಿಸಿದರು. ಸುತ್ತಲಿನ ಜಾಗ ಕೊಂಡರು. ಗುಡಿ ಕಟ್ಟಿಸಿದರು, ತ್ಯಾಗರಾಜರ ಮೂರ್ತಿ ಮಾಡಿಸಿ ಇಡಿಸಿದರು. ಎಲ್ಲವೂ ಹಾಡಿ ಗಳಿಸಿದ ದುಡ್ಡಿನಿಂದ.

ಗುಡಿ ಕಟ್ಟಿಸಿದವರಿಗೇ ಗುಡಿಯ ಮುಂದೆ ಹಾಡಲು ಬಿಡಲಿಲ್ಲ. ಇದನ್ನು ಓದುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಅಲ್ವಾ? ಅವರು ಅತ್ತು ಸುಮ್ಮನಾಗಲಿಲ್ಲ. ಗುಡಿಯ ಹಿಂಭಾಗದಲ್ಲಿ ನಿಂತು ಹರಿಕಥೆ ಮಾಡಿದರು. ಹಾಡುವ ಹೆಂಗಸರನ್ನು ಸೇರಿಸಿಕೊಂಡು ತಮ್ಮದೇ ಆರಾಧನೆ ನಡೆಸಿದರು. ಹೀಗೆ ಮೂರನೆಯದೊಂದು ಪಕ್ಷವಾಯಿತು, ಹೆಂಗಸರ ಪಕ್ಷ. ಕೊನೆಗೆ 1940ರ ಹೊತ್ತಿಗೆ, ಎಸ್.ವೈ. ಕೃಷ್ಣಸ್ವಾಮಿ ಎಂಬ ಐಸಿಎಸ್ (ಬ್ರಿಟಿಷರ ಕಾಲದ ಆಡಳಿತ ಸೇವೆ) ಅಧಿಕಾರಿ ಮತ್ತು ಕೆಲವು ಹಿರಿಯ ಸಂಗೀತಗಾರರ ಪ್ರಯತ್ನದಿಂದ, ಮೂರೂ ಪಕ್ಷ ಒಂದಾದವು. 1941ರಿಂದ ಒಂದೇ ಉತ್ಸವ. ಅದರಲ್ಲಿ ಹೆಂಗಸರಿಗೂ ಜಾಗ ಸಿಕ್ಕಿತು. ಪಂಚರತ್ನ ಎಂಬ, ತ್ಯಾಗರಾಜರ ಐದು ಕೃತಿಗಳನ್ನು ಎಲ್ಲರೂ ಕೂಡಿ ಹಾಡುವ ಪದ್ಧತಿ ಗಟ್ಟಿಯಾದದ್ದೂ ಆ ಹೊತ್ತಿನಲ್ಲೇ. ಬೇರೆಬೇರೆ ಕೂತವರನ್ನು ಒಂದೇ ಸಾಲಿಗೆ ತರಲು ಕೂಡಿ ಹಾಡುವುದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಾಗರತ್ನಮ್ಮ ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲೇ ಕಳೆದು 1952ರಲ್ಲಿ ತೀರಿಕೊಂಡರು. ತ್ಯಾಗರಾಜರ ಗುಡಿಗೆ ಮುಖ ಮಾಡಿ ಅವರ ಸಮಾಧಿ ಇದೆ. ಅದರಲ್ಲಿ ಅವರ ಮೂರ್ತಿಯೂ ಇದೆ.

ಮೈಸೂರಿಗೂ ಈ ಊರಿಗೂ ಇನ್ನೊಂದು ನಂಟು ಇದೆ. ಮೈಸೂರಿನ ವಾಗ್ಗೇಯಕಾರ ವಾಸುದೇವಾಚಾರ್ಯರನ್ನು ಮೈಸೂರು ಮಹಾರಾಜರು ಸಂಗೀತ ಕಲಿಯಲು ಕಳಿಸಿದ್ದು ತಿರುವೈಯಾರಿನಲ್ಲಿದ್ದ ವಿದ್ವಾಂಸ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರಕ್ಕೆ.

ದಿನ ಗೊತ್ತು ಮಾಡಿಕೊಳ್ಳಿ

ಆರಾಧನೆ ಪುಷ್ಯ ಬಹುಳ ಪಂಚಮಿಯಂದು. ಮನೆಯಲ್ಲಿರುವ ಯಾವ ಪಂಚಾಂಗದಲ್ಲಾದರೂ ಸಿಗುತ್ತದೆ. ತಿಥಿ ಲೆಕ್ಕವಾದ್ದರಿಂದ ತಾರೀಖು ವರ್ಷವರ್ಷವೂ ಬದಲಾಗುತ್ತದೆ. 2024ರಲ್ಲಿ ಜನವರಿ 30ಕ್ಕೆ ಬಂದಿತ್ತು, 2025ರಲ್ಲಿ ಜನವರಿ 18ಕ್ಕೆ. ಉತ್ಸವ ಐದು ದಿನ ನಡೆದು ಪಂಚಮಿಗೆ ಮುಗಿಯುತ್ತದೆ. ಅಂದರೆ ಪಂಚಮಿಯಿಂದ ಹಿಂದಕ್ಕೆ ನಾಲ್ಕು ದಿನ ಎಣಿಸಿದರೆ ಶುರುವಾಗುವ ದಿನ ಸಿಗುತ್ತದೆ.

ಐದೂ ದಿನ ಇರಲು ಆಗದಿದ್ದರೆ ಯಾವ ದಿನ ಹೋಗಬೇಕು? ಪಂಚಮಿಯ ದಿನ ಪಂಚರತ್ನ ಗೋಷ್ಠಿ, ಅಂದರೆ ಆ ಐದು ಕೃತಿಗಳನ್ನು ಕೂಡಿ ಹಾಡುವುದು, ಇರುವುದರಿಂದ ಎಲ್ಲರೂ ಆ ದಿನವೇ ಬರುತ್ತಾರೆ. ತಂಜಾವೂರು ಜಿಲ್ಲೆಗೆ ಆ ದಿನ ಸ್ಥಳೀಯ ರಜೆ ಕೊಡುವುದೂ ಉಂಟು. ಹಾಗಾಗಿ ನೂಕುನುಗ್ಗಲು. ನನ್ನ ಸಲಹೆ ಇಷ್ಟು. ಪಂಚಮಿಯ ಹಿಂದಿನ ದಿನ ಬೆಳಗ್ಗೆಯೇ ತಲುಪಿ. ಆ ದಿನ ಗುಡಿ, ನಾಗರತ್ನಮ್ಮನವರ ಸಮಾಧಿ, ನದಿಯ ಮೆಟ್ಟಿಲು ಎಲ್ಲ ನಿಧಾನವಾಗಿ ನೋಡಿ. ಸಂಜೆಯಿಡೀ ಕಛೇರಿ ಕೇಳಿ. ಮಾರನೆಯ ದಿನ ಗೋಷ್ಠಿಗೆ ಕೂರಿ. ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತೇನೆ ಎಂದು ಹೊರಟರೆ ಜನರ ಬೆನ್ನು ನೋಡಿ ಬರುವುದಾಗುತ್ತದೆ.

ಇನ್ನೊಂದು ವಿಷಯ ನೆನಪಿರಲಿ. ಕೆಲವು ವರ್ಷ ಆರಾಧನೆ ಸಂಕ್ರಾಂತಿಯ ಆಸುಪಾಸಿಗೇ ಬರುತ್ತದೆ. ತಮಿಳುನಾಡಿನಲ್ಲಿ ಪೊಂಗಲ್ ಎಂದರೆ ಊರಿಗೆ ಊರೇ ಪ್ರಯಾಣದಲ್ಲಿರುತ್ತದೆ. ರೈಲು, ಬಸ್ಸು, ಲಾಡ್ಜು ಎಲ್ಲವೂ ಭರ್ತಿ. ಅಂಥ ವರ್ಷ ಎರಡು ತಿಂಗಳು ಮೊದಲೇ ಎಚ್ಚರವಾಗಿ.

ಕಿವಿ, ಬಾಯಿ ಎರಡನ್ನೂ ತಯಾರು ಮಾಡಿಕೊಳ್ಳಿ

ಬಹಳ ಜನ ಬಿಟ್ಟುಬಿಡುವ ಕೆಲಸ ಇದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ. ತಿರುವೈಯಾರಿನ ಗೋಷ್ಠಿ ನೋಡಲಿಕ್ಕೆ ಇರುವುದಲ್ಲ, ಸೇರಿ ಹಾಡಲಿಕ್ಕೆ ಇರುವುದು. ಸುಮ್ನೆ ಹೋಗಿ ಕೂತರೆ ಒಂದು ಗಂಟೆ ಹೇಗೋ ಕಳೆಯುತ್ತದೆ. ಒಂದು ಸಾಲಾದರೂ ಬಾಯಿಗೆ ಬರುತ್ತಿದ್ದರೆ ಆ ಒಂದು ಗಂಟೆಯೇ ಬೇರೆ.

ಪಂಚರತ್ನ ಎಂದರೆ ಐದು ಕೃತಿಗಳು, ಐದು ಘನರಾಗಗಳಲ್ಲಿ. ಹಾಡುವ ಕ್ರಮವೂ ಇದೇ. ನಾಟ ರಾಗದ ಜಗದಾನಂದಕಾರಕ, ಗೌಳ ರಾಗದ ದುಡುಕುಗಲ, ಆರಭಿಯ ಸಾಧಿಂಚೆನೆ, ವರಾಳಿಯ ಕನಕನ ರುಚಿರಾ, ಕೊನೆಗೆ ಶ್ರೀರಾಗದ ಎಂದರೋ ಮಹಾನುಭಾವುಲು. ಮೊದಲನೆಯದು ಸಂಸ್ಕೃತದಲ್ಲಿದೆ, ಉಳಿದ ನಾಲ್ಕು ತೆಲುಗಿನಲ್ಲಿ. ಐದಕ್ಕೂ ಆದಿತಾಳ. ಎಂಟು ಎಣಿಕೆಯ ತಾಳ ಹಾಕಲು ಬಂದರೆ ಐದಕ್ಕೂ ಸಾಕು.

ಸಂಗೀತ ಕಲಿಯದವರು ಎಲ್ಲಿಂದ ಶುರು ಮಾಡಬೇಕು? ಸಾಧಿಂಚೆನೆಯಿಂದ. ಅದರಲ್ಲಿ ಪ್ರತಿ ಚರಣ ಮುಗಿದ ಮೇಲೆ ‘ಸಮಯಾನಿಕಿ ತಗು ಮಾಟಲಾಡೆನೆ’ ಎಂಬ ಸಾಲು ಮತ್ತೆಮತ್ತೆ ಬರುತ್ತದೆ. ಆ ಒಂದು ಸಾಲು ಕಲಿತರೆ ಸಾಕು. ಚರಣ ಬಲ್ಲವರು ಚರಣ ಹಾಡುತ್ತಾರೆ, ನೀವು ಈ ಸಾಲಿಗೆ ಸೇರಿಕೊಳ್ಳಿ. ಎಂದರೋದಲ್ಲೂ ಹೀಗೆಯೇ ಪಲ್ಲವಿ ತಿರುಗಿ ಬರುತ್ತದೆ. ಚರಣಗಳಲ್ಲಿ ಮೊದಲು ಸ್ವರ, ಆಮೇಲೆ ಅದೇ ಧಾಟಿಯಲ್ಲಿ ಸಾಹಿತ್ಯ. ಈ ಕಟ್ಟು ತಿಳಿದಿದ್ದರೆ ಎಲ್ಲಿದ್ದೇವೆ ಎಂದು ಗೊತ್ತಾಗುತ್ತಾ ಹೋಗುತ್ತದೆ.

ವರಾಳಿಯ ಕೃತಿ ಬಾರದಿದ್ದರೆ ಬೇಜಾರು ಬೇಡ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದು ಎಂಬ ಹಳೆಯ ನಂಬಿಕೆ ಸಂಗೀತದವರಲ್ಲಿ ಇದೆ. ಹಾಗಾಗಿ ಪಾಠ ಕಲಿತವರಲ್ಲೂ ಇದನ್ನು ಕೇಳಿ ಕೇಳಿಯೇ ಕಲಿತವರು ಸಿಗುತ್ತಾರೆ.

ಕನ್ನಡ ಲಿಪಿಯಲ್ಲಿ ಐದೂ ಕೃತಿಗಳ ಸಾಹಿತ್ಯ ಸುಲಭವಾಗಿ ಸಿಗುತ್ತದೆ. ಒಂದು ಪ್ರತಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಫೋನ್ ನೋಡಿಕೊಂಡು ಹಾಡಿದರೆ ಬಿಸಿಲಿಗೆ ಪರದೆ ಕಾಣುವುದಿಲ್ಲ, ತಾಳ ಹಾಕಲು ಕೈಯೂ ಖಾಲಿ ಇರುವುದಿಲ್ಲ. ಅರ್ಥವನ್ನೂ ಒಮ್ಮೆ ಓದಿಕೊಳ್ಳಿ. ದುಡುಕುಗಲದಲ್ಲಿ ತಪ್ಪುಗಳ ಪಟ್ಟಿ ಮಾಡಿ ‘ನನ್ನಂಥವನನ್ನು ಯಾರು ಕಾಪಾಡುತ್ತಾರೆ’ ಎಂದು ಕೇಳುವ ತ್ಯಾಗರಾಜರು, ಎಂದರೋದಲ್ಲಿ ಎಲ್ಲ ದೊಡ್ಡವರಿಗೂ ಕೈಮುಗಿಯುತ್ತಾರೆ. ಗೋಷ್ಠಿ ಆ ವಂದನೆಯಲ್ಲಿ ಮುಗಿಯುತ್ತದೆ. ಸಾವಿರಾರು ಜನ ಒಟ್ಟಿಗೆ ಅದನ್ನು ಹಾಡುವಾಗ ಅರ್ಥ ಗೊತ್ತಿರಬೇಕು.

ಇನ್ನೂ ಸಮಯ ಇದ್ದರೆ ಅಸಾವೇರಿ ರಾಗದ ‘ಸರಿ ವೆಡಲಿನ’ ಕೇಳಿಕೊಂಡು ಹೋಗಿ. ಕಾವೇರಿ ಹೊರಟು ಹೋಗುವ ಚೆಂದವನ್ನೇ ತ್ಯಾಗರಾಜರು ಅದರಲ್ಲಿ ಹಾಡಿದ್ದಾರೆ. ಮುಖಾರಿಯ ‘ಮುರಿಪೆಮು’ ಕೃತಿಯಲ್ಲಿ ತಮ್ಮ ಊರಿನ ಗಾಳಿಯನ್ನೂ ನದಿಯ ದಂಡೆಯನ್ನೂ ಹೊಗಳಿದ್ದಾರೆ. ಅವರು ನೋಡಿ ಹಾಡಿದ ನದಿಯ ಮುಂದೆಯೇ ನೀವು ಕೂರುವವರು.

ಹೋಗುವುದು, ಉಳಿಯುವುದು

ತಿರುವೈಯಾರಿಗೆ ಹತ್ತಿರದ ದೊಡ್ಡ ಊರು ತಂಜಾವೂರು. ಹದಿಮೂರು ಕಿಲೋಮೀಟರ್ ಆಸುಪಾಸು. ಮೈಸೂರಿನಿಂದ ಹೊರಟು ಬೆಂಗಳೂರಿನ ಮೂಲಕ ತಂಜಾವೂರಿಗೆ ಹೋಗುವ ರಾತ್ರಿ ರೈಲು ಇದೆ. ಸಂಜೆ ಹತ್ತಿದರೆ ಬೆಳಗಿನ ಹೊತ್ತಿಗೆ ಇಳಿಯಬಹುದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆರಾಧನೆಯ ತಾರೀಖು ನೋಡಿಕೊಂಡು ಆ ದಿನವೇ ಮಾಡಿಬಿಡಿ. ವಿಮಾನದಲ್ಲಿ ಬರುವವರಿಗೆ ತಿರುಚ್ಚಿಯೇ ಹತ್ತಿರ.

ಕಾರಿನಲ್ಲಿ ಹೋಗುವವರು ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಸೇಲಂ, ನಾಮಕ್ಕಲ್, ತಿರುಚ್ಚಿ ಹಾದು ಹೋಗಬೇಕು. ಸುಮಾರು 400 ಕಿಲೋಮೀಟರ್. ತಿರುಚ್ಚಿಯಿಂದ ಹೆದ್ದಾರಿ ಹಿಡಿದು ತಂಜಾವೂರಿಗೆ ಹೋಗುವುದು ಬೇಗ. ಹಗಲು ಇದ್ದು ಅವಸರ ಇಲ್ಲದಿದ್ದರೆ ಕಲ್ಲಣೈ ಮೂಲಕ ಹೋಗಿ. ಕರಿಕಾಲ ಚೋಳ ಕಟ್ಟಿಸಿದ ಎಂದು ಹೇಳುವ ಹಳೆಯ ಅಣೆಕಟ್ಟು ಅದು. ಕಾವೇರಿ ಅಲ್ಲಿ ಕವಲಾಗಿ ಒಡೆದು ತಂಜಾವೂರಿನ ಗದ್ದೆಗಳಿಗೆ ಹರಿಯುತ್ತದೆ. ಅಲ್ಲಿಂದ ತಿರುವೈಯಾರಿಗೆ ಹಳ್ಳಿಗಳ ನಡುವೆ ರಸ್ತೆ ಇದೆ.

ಉಳಿಯಲು ತಂಜಾವೂರೇ ಸರಿ. ತಿರುವೈಯಾರು ಚಿಕ್ಕ ಊರು, ಅಲ್ಲಿ ಕೋಣೆಗಳು ಕಡಿಮೆ. ಹಬ್ಬದ ದಿನಗಳಲ್ಲಿ ಇರುವುದನ್ನೂ ಕಲಾವಿದರೇ ತುಂಬಿಕೊಂಡಿರುತ್ತಾರೆ. ತಂಜಾವೂರಿನಿಂದ ತಿರುವೈಯಾರಿಗೆ ಬಸ್ಸುಗಳು ಬೇಕಾದಷ್ಟಿವೆ. ಪಂಚಮಿಯ ದಿನ ಕಾರು ಗುಡಿಯ ಬಾಗಿಲವರೆಗೆ ಹೋಗುತ್ತದೆ ಎಂದು ಎಣಿಸಬೇಡಿ. ಸ್ವಲ್ಪ ದೂರ ನಡೆಯಲು ತಯಾರಾಗಿರಿ. ರಾತ್ರಿ ತಡವಾಗಿ ವಾಪಸ್ ಬರುವವರು ಬರುವಾಗಲೇ ಆಟೋ ಅಥವಾ ಟ್ಯಾಕ್ಸಿಯವರ ಹತ್ತಿರ ಮಾತಾಡಿ, ನಂಬರ್ ಬರೆದುಕೊಂಡಿರಿ.

ಚೀಲ ಹಗುರವಾಗಿರಲಿ. ನೆಲಕ್ಕೆ ಹಾಸಲು ಒಂದು ಚಾಪೆ ಅಥವಾ ದಪ್ಪ ಬಟ್ಟೆ, ನೀರಿನ ಬಾಟಲಿ, ಛತ್ರಿ, ಬೆಳಗಿನ ಚಳಿಗೆ ಒಂದು ಶಾಲು, ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರೆ. ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗ, ದುಬಾರಿ ಚಪ್ಪಲಿ ಬೇಡ. ನೆಲದ ಮೇಲೆ ಗಂಟೆಗಟ್ಟಲೆ ಕೂರುವ ಬಟ್ಟೆ ಹಾಕಿಕೊಳ್ಳಿ.

ಪಂಚಮಿಯ ಬೆಳಗ್ಗೆ

ಬೆಳಗ್ಗೆ ಬೇಗ ಊರೊಳಗೆ ಹೋಗಿ. ತ್ಯಾಗರಾಜರು ಬದುಕಿದ ಮನೆ ತಿರುಮಂಜನ ಬೀದಿಯಲ್ಲಿತ್ತು, ಈಗ ಅದು ಸ್ಮಾರಕ. ಅಲ್ಲಿಂದ ಉಂಛವೃತ್ತಿಯ ಮೆರವಣಿಗೆ ಹೊರಡುತ್ತದೆ. ಭಾಗವತರು ಹಾಡುತ್ತಾ, ತಾಳ ಹಾಕುತ್ತಾ, ನಡೆದೇ ಸಮಾಧಿಯವರೆಗೆ ಬರುತ್ತಾರೆ. ದಾರಿಯಲ್ಲಿ ಜನ ಅಕ್ಕಿ ಹಾಕುತ್ತಾರೆ. ಇದನ್ನು ತಪ್ಪಿಸಿಕೊಂಡು ನೇರ ಚಪ್ಪರಕ್ಕೆ ಹೋಗುವವರೂ ಇದ್ದಾರೆ, ಒಳ್ಳೆಯ ಜಾಗ ಸಿಗಲಿ ಎಂದು. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಗುಂಪಾಗಿ ಹೋಗಿದ್ದರೆ ಒಬ್ಬಿಬ್ಬರು ಚಪ್ಪರದಲ್ಲಿ ಜಾಗ ಹಿಡಿಯಲಿ, ಉಳಿದವರು ಮೆರವಣಿಗೆಯ ಜೊತೆ ಬರಲಿ.

ಗೋಷ್ಠಿ ಒಂಬತ್ತು ಗಂಟೆಗೆ. ಏಳೂವರೆಗೆಲ್ಲಾ ಕೂತಿದ್ದರೆ ನೆಮ್ಮದಿ. ಗುಡಿಯ ಮುಂದೆ ಕಲಾವಿದರು ಎದುರುಬದುರಾಗಿ ಸಾಲಾಗಿ ಕೂರುತ್ತಾರೆ. ಆ ಆವರಣ ಅವರಿಗೆ ಮೀಸಲು. ಸುತ್ತಲೂ, ಹಿಂದೆಯೂ ನಾವು ನೀವು. ಗುಡಿ ನೇರವಾಗಿ ಕಾಣುವ ಜಾಗಕ್ಕಾಗಿ ಜನ ತಳ್ಳಾಡುತ್ತಾರೆ. ನನ್ನ ಕೇಳಿದರೆ ಧ್ವನಿ ಚೆನ್ನಾಗಿ ಬರುವ ಜಾಗ ಹುಡುಕುವುದೇ ಮೇಲು. ಮೈಕಿನ ಪೆಟ್ಟಿಗೆಯ ಪಕ್ಕದಲ್ಲೇ ಕೂತರೆ ಕಿವಿ ಗಡಚಿಕ್ಕುತ್ತದೆ, ಅಕ್ಕಪಕ್ಕದವರ ಹಾಡು ಕೇಳುವುದಿಲ್ಲ. ನಾಲ್ಕೈದು ಸಾಲು ದೂರ ಸರಿದು, ಹಾಡುತ್ತಾರೆ ಅನ್ನಿಸುವವರ ನಡುವೆ ಕೂತುಕೊಳ್ಳಿ. ಕೈಯಲ್ಲಿ ಪುಸ್ತಕ ಹಿಡಿದ ಅಜ್ಜಿಯರ ಗುಂಪು ಕಂಡರೆ ಅಲ್ಲೇ ಜಾಗ ಮಾಡಿಕೊಳ್ಳಿ. ಸಾಲು ತಪ್ಪಿದರೆ ಬೆರಳಿಟ್ಟು ತೋರಿಸುವವರು ಅಂಥವರೇ.

ಮೊದಲು ನಾಗಸ್ವರ. ಆಮೇಲೆ ಕೊಳಲಿನಲ್ಲಿ ಭೈರವಿ ರಾಗದ ‘ಚೇತುಲಾರ’ ನುಡಿಸುತ್ತಾರೆ. ಅದು ಮುಗಿಯಿತು ಎಂದರೆ ನಾಟ ಶುರುವಾಗುತ್ತದೆ ಎಂದು ಲೆಕ್ಕ. ಅಷ್ಟು ಹೊತ್ತಿನ ಗಲಾಟೆ, ಕರೆಯುವಿಕೆ, ಜಾಗದ ಚರ್ಚೆ ಎಲ್ಲ ಜಗದಾನಂದಕಾರಕದ ಮೊದಲ ಅಕ್ಷರಕ್ಕೆ ನಿಂತುಬಿಡುತ್ತದೆ.

ಎಷ್ಟೋ ಪಿಟೀಲು, ಎಷ್ಟೋ ಮೃದಂಗ, ಕೊಳಲು, ವೀಣೆ, ಅವುಗಳ ಜೊತೆ ನೂರಾರು ಕಂಠ. ಎಲ್ಲವೂ ಒಂದೇ ಶ್ರುತಿಯಲ್ಲಿ ಗೆರೆ ಎಳೆದ ಹಾಗೆ ಇರುವುದಿಲ್ಲ. ಒಬ್ಬರು ಅರ್ಧ ಅಕ್ಷರ ಮುಂದೆ, ಇನ್ನೊಬ್ಬರು ಹಿಂದೆ. ಗಂಡಸರ ಶ್ರುತಿ, ಹೆಂಗಸರ ಶ್ರುತಿ ಬೇರೆಬೇರೆ ಇದ್ದರೂ ಎಲ್ಲರೂ ಒಂದಕ್ಕೇ ಹೊಂದಿಕೊಳ್ಳಬೇಕು. ಸಭಾಂಗಣದ ಕಛೇರಿಯ ನಯ ಇಲ್ಲಿ ಹುಡುಕಬೇಡಿ. ಇಲ್ಲಿ ಸಿಗುವುದು ಬೇರೆ. ದೊಡ್ಡ ಹೆಸರಿನ ವಿದ್ವಾಂಸರೂ ಈಗಷ್ಟೇ ಕಲಿಯುತ್ತಿರುವ ಹುಡುಗಿಯೂ ಒಂದೇ ಸಾಲಿನಲ್ಲಿ ಕೂತು ಒಂದೇ ಸಾಹಿತ್ಯ ಹಾಡುವುದು. ಹಾಡು ನಡೆಯುತ್ತಿದ್ದಂತೆಯೇ ಗುಡಿಯೊಳಗೆ ತ್ಯಾಗರಾಜರ ಮೂರ್ತಿಗೆ ಅಭಿಷೇಕವಾಗುತ್ತದೆ.

ಗೋಷ್ಠಿಯ ಸಮಯದಲ್ಲಿ ದಯವಿಟ್ಟು ಎದ್ದು ನಿಂತು ವಿಡಿಯೋ ಮಾಡಬೇಡಿ. ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ಆಕಾಶವಾಣಿಯೂ ದೂರದರ್ಶನವೂ ಇದನ್ನು ನೇರ ಪ್ರಸಾರ ಮಾಡುತ್ತವೆ, ನಿಮ್ಮ ಫೋನಿಗಿಂತ ಚೆನ್ನಾಗಿ. ನಡುವೆ ಏಳಬೇಕಾಗದ ಹಾಗೆ ಶೌಚಾಲಯದ ಕೆಲಸ ಮೊದಲೇ ಮುಗಿಸಿಕೊಳ್ಳಿ. ಸಾಧ್ಯವಾದರೆ ತಂಜಾವೂರಿನ ಕೋಣೆಯಲ್ಲೇ. ಬಯಲಿನ ಉತ್ಸವದಲ್ಲಿ, ಅದರಲ್ಲೂ ಅಷ್ಟು ಜನರ ನಡುವೆ, ಹೆಂಗಸರಿಗೆ ಮತ್ತು ವಯಸ್ಸಾದವರಿಗೆ ಕಷ್ಟವಾಗುವುದು ಇದೇ ವಿಷಯದಲ್ಲಿ. ಮಂಡಿ ನೋವಿನವರು ಮಡಚುವ ಚಿಕ್ಕ ಮಣೆ ತಂದರೆ ಅಂಚಿನಲ್ಲಿ ಕೂರಲಿ. ಯಾರಿಗೂ ಅಡ್ಡವಾಗುವುದಿಲ್ಲ, ಬೇಕಾದಾಗ ಏಳಲೂಬಹುದು.

ಗೋಷ್ಠಿ ಮುಗಿದ ಕೂಡಲೇ ಜನ ಒಮ್ಮೆಗೇ ಗುಡಿಯ ಕಡೆ ನುಗ್ಗುತ್ತಾರೆ. ಆಗ ಕೂತಲ್ಲೇ ಕೂತಿರಿ. ಮಕ್ಕಳ ಕೈ ಬಿಡಬೇಡಿ. ಹಿಂದಿನ ದಿನವೇ ದರ್ಶನ ಮಾಡಿದ್ದರೆ ಅವಸರವೇ ಇರುವುದಿಲ್ಲ ನೋಡಿ.

ಉಳಿದ ಹೊತ್ತು ಕೇಳುವುದು ಹೇಗೆ

ಪಂಚರತ್ನ ಮುಗಿದ ಮೇಲೆ ಅರ್ಧ ಜನ ಹೊರಟುಬಿಡುತ್ತಾರೆ. ನೀವು ಹೊರಡಬೇಡಿ. ನಿಜವಾದ ಆರಾಮ ಶುರುವಾಗುವುದೇ ಆಗ. ಐದೂ ದಿನ ಕಛೇರಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಅಕ್ಕಪಕ್ಕ ವೇದಿಕೆಗಳು ಇರುತ್ತವೆ. ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನವರು ಶ್ರುತಿ ಮಾಡಿಕೊಂಡು ತಯಾರಾಗುತ್ತಾರೆ. ಹಾಗಾಗಿ ನಡುವೆ ಖಾಲಿ ಹೊತ್ತೇ ಇಲ್ಲ.

ಒಬ್ಬೊಬ್ಬರಿಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಹೊಸಬರಿಗೆ ಇನ್ನೂ ಕಡಿಮೆ. ಎರಡು ಮೂರು ಗಂಟೆ ಕಛೇರಿ ಮಾಡುವ ವಿದ್ವಾಂಸರೂ ಇಲ್ಲಿ ಎರಡು ಮೂರು ಕೃತಿ ಹಾಡಿ ನಮಸ್ಕಾರ ಮಾಡಿ ಏಳುತ್ತಾರೆ. ಅಷ್ಟರಲ್ಲೇ ಯಾವ ಕೃತಿ ಆರಿಸಿಕೊಂಡರು, ಹೇಗೆ ಹೇಳಿದರು ಎಂದು ಗಮನಿಸುವುದೇ ಒಂದು ಸುಖ. ಹಾಡುವುದು ಬಹುತೇಕ ತ್ಯಾಗರಾಜರ ಕೃತಿಗಳನ್ನೇ. ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ರಾಗ, ಕೃತಿ ಬರೆದುಕೊಳ್ಳುತ್ತಾ ಹೋದರೆ ಎಷ್ಟೊಂದು ಅಪರೂಪದ ಕೃತಿಗಳು ಸಿಗುತ್ತವೆ. ದೊಡ್ಡ ಹೆಸರಿಗಾಗಿ ಕಾದು, ಉಳಿದ ಹೊತ್ತು ಹರಟೆ ಹೊಡೆಯುವುದು ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಚಪ್ಪರದ ಮುಂದೆ ಹಾಡುವ ಮಕ್ಕಳಿಗೆ ಕಿವಿಗೊಡುವ ನಾಲ್ಕು ಜನ ಬೇಕು. ಆ ನಾಲ್ವರಲ್ಲಿ ನೀವೂ ಇರಿ.

ನೀವೇ ಹಾಡುವವರಾದರೆ, ಅಥವಾ ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ, ಉತ್ಸವ ನಡೆಸುವ ತ್ಯಾಗಬ್ರಹ್ಮ ಮಹೋತ್ಸವ ಸಭೆಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಬಂದ ಮೇಲೆ ಕೇಳಿದರೆ ಆಗುವುದಿಲ್ಲ.

ಹಸಿವಾದರೆ ಊರೊಳಗೆ ಊಟದ ಹೋಟೆಲುಗಳಿವೆ. ತಿರುವೈಯಾರಿನ ಅಶೋಕ ಹಲ್ವ ಹೆಸರುವಾಸಿ. ಹೆಸರುಬೇಳೆಯಲ್ಲಿ ತುಪ್ಪ, ಸಕ್ಕರೆ ಹಾಕಿ ಮಾಡುವುದು, ಬಿಸಿಬಿಸಿಯಾಗಿದ್ದಾಗಲೇ ತಿನ್ನಬೇಕು. ಹೊಟ್ಟೆ ಭಾರವಾಗುವಷ್ಟು ತಿಂದು ಮಧ್ಯಾಹ್ನದ ಕಛೇರಿಗೆ ಕೂತರೆ ನಿದ್ದೆ ಖಂಡಿತ.

ನದಿಯ ಹತ್ತಿರ

ಗುಡಿಯಿಂದ ನದಿ ಎರಡು ಹೆಜ್ಜೆ. ಕೆಆರ್‌ಎಸ್, ಶ್ರೀರಂಗಪಟ್ಟಣದ ಕಾವೇರಿ ನೋಡಿದವರಿಗೆ ಇಲ್ಲಿಯ ನದಿ ಚಿಕ್ಕದಾಗಿ ಕಾಣುತ್ತದೆ. ತಿರುಚ್ಚಿಯ ಹತ್ತಿರವೇ ಕೊಳ್ಳಿಡಂ ಎಂಬ ಕವಲು ಬೇರೆಯಾಗಿ ಹೋಗುತ್ತದೆ, ಕಲ್ಲಣೈಯಲ್ಲಿ ಮತ್ತೆ ಕವಲಾಗುತ್ತದೆ. ಉಳಿದ ಹರಿವು ಇದು.

ನೀರು ಇರುತ್ತದೋ ಇಲ್ಲವೋ ಎನ್ನುವುದು ಮೇಟ್ಟೂರು ಅಣೆಕಟ್ಟಿನ ಮೇಲೆ. ಗದ್ದೆಗಳಿಗಾಗಿ ಜೂನ್ 12ಕ್ಕೆ ನೀರು ಬಿಟ್ಟು ಜನವರಿ 28ಕ್ಕೆ ನಿಲ್ಲಿಸುವುದು ಅಲ್ಲಿಯ ವಾಡಿಕೆ. ಮಳೆ ಕೈಕೊಟ್ಟ ವರ್ಷ ಇದು ಏರುಪೇರಾಗುತ್ತದೆ. ಹಾಗಾಗಿ ಆರಾಧನೆ ಜನವರಿಯ ಮೊದಲ ಭಾಗದಲ್ಲಿ ಬಂದ ವರ್ಷ ಹೊಳೆ ತುಂಬಿ ಕಾಣುವ ಸಾಧ್ಯತೆ ಜಾಸ್ತಿ. ತಿಂಗಳ ಕೊನೆಗೆ ಅಥವಾ ಫೆಬ್ರವರಿಗೆ ಹೋದರೆ ಮರಳಿನ ನಡುವೆ ಸಣ್ಣ ಹರಿವಷ್ಟೇ ಸಿಗಬಹುದು. ನೀರು ಜೋರಾಗಿದ್ದಾಗ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದರೆ ಸಾಕು, ಇಳಿದು ಈಜಲು ಹೋಗಬೇಡಿ. ಪುಷ್ಯ ಮಂಟಪದ ಘಾಟಿನಲ್ಲಿ ಮೆಟ್ಟಿಲುಗಳು ಅಗಲವಾಗಿವೆ. ಎಲೆ, ಪ್ಲಾಸ್ಟಿಕ್ ಏನನ್ನೂ ನದಿಗೆ ಹಾಕಬೇಡಿ.

ನಾಗರತ್ನಮ್ಮನವರ ಸಮಾಧಿಗೆ ಹೋಗುವಾಗ ಒಂದು ಮೊಳ ಹೂವು ತೆಗೆದುಕೊಂಡು ಹೋಗಿ. ಜೊತೆಯಲ್ಲಿ ಮಕ್ಕಳಿದ್ದರೆ ಮೇಲಿನ ಕಥೆಯನ್ನು ಅಲ್ಲೇ ನಿಂತು ಹೇಳಿ. ಹಾಡಲು ಬರುವ ಹೆಣ್ಣುಮಕ್ಕಳಿದ್ದರೆ ಅವರು ಅಲ್ಲಿ ಒಂದು ಹಾಡು ಹೇಳಲಿ.

ಬೇರೆ ದಿನ ಹೋಗುವವರು, ಹೋಗಲಾಗದವರು

ವರ್ಷದ ಉಳಿದ ದಿನಗಳಲ್ಲಿ ಈ ಜಾಗ ತುಂಬ ಶಾಂತ. ಚಪ್ಪರ ಇರುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಹೋಗಿ, ಮಧ್ಯಾಹ್ನ ಗುಡಿ ಮುಚ್ಚಿರುತ್ತದೆ. ಊರಿನ ಐಯಾರಪ್ಪರ್ ದೇವಸ್ಥಾನವನ್ನೂ ನೋಡಬಹುದು. ತಂಜಾವೂರಿನಲ್ಲಿ ರಾಜರಾಜ ಚೋಳನ ಬೃಹದೀಶ್ವರ ಗುಡಿ, ಸರಸ್ವತಿ ಮಹಲ್ ಗ್ರಂಥಾಲಯ ಎರಡಕ್ಕೂ ಒಂದು ದಿನ ಇಟ್ಟುಕೊಳ್ಳಿ. ಇನ್ನೊಂದು ದಿನ ಸಿಕ್ಕರೆ ತಿರುವಾರೂರಿಗೆ ಹೋಗಿ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಾದ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮೂವರೂ ಹುಟ್ಟಿದ ಊರು ಅದು.

ಈ ವರ್ಷ ಹೋಗಲು ಆಗದವರು ಪಂಚಮಿಯ ದಿನ ಬೆಳಗ್ಗೆ ಒಂಬತ್ತಕ್ಕೆ ರೇಡಿಯೋ ಅಥವಾ ಟಿವಿ ಹಾಕಿಕೊಂಡು, ಸಾಹಿತ್ಯ ಕೈಯಲ್ಲಿ ಹಿಡಿದು ಕೂತುಕೊಳ್ಳಿ. ಮೈಸೂರು, ಬೆಂಗಳೂರಿನ ಸಂಗೀತ ಸಭೆಗಳಲ್ಲೂ ಅದೇ ಹೊತ್ತಿನಲ್ಲಿ ಪಂಚರತ್ನ ಗೋಷ್ಠಿ ನಡೆಯುತ್ತದೆ, ಹೋಗಿ ಸೇರಿಕೊಳ್ಳಬಹುದು. ಮುಂದೆ ಹತ್ತು ದಿನಕ್ಕೆ, ಪುಷ್ಯ ಅಮಾವಾಸ್ಯೆಯಂದು, ಪುರಂದರದಾಸರ ಆರಾಧನೆ ಬರುತ್ತದೆ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ ಎಂಬ ಗೇಯನಾಟಕದಲ್ಲಿ ದಾಸರಿಗೆ ನಮಸ್ಕಾರ ಹೇಳಿದ್ದಾರೆ. ಎರಡೂ ದಿನಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.